ಹೊಗೆ ಬಿಟ್ಟು ಆವಿ ಹಿಡಿದವರು

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಕಡೆ ನಮ್ಮ ಹಳೆಯ ಗೆಳೆಯರೊಬ್ಬರಿದ್ದಾರೆ. ಕಾಫಿ ತೋಟದಲ್ಲಿ ಮೇಸ್ತ್ರಿ. ಮೂವತ್ತೈದು ವರ್ಷಗಳಿಂದ ದಿನಕ್ಕೊಂದು ಕಟ್ಟು, ಅಂದರೆ ಇಪ್ಪತ್ತೈದು ಬೀಡಿ ಸೇದಿದವರು. ಆಳುಗಳ ಲೆಕ್ಕ ಹಾಕುವ ಮುನ್ನ ಒಂದು, ಮಳೆ ನಿಂತಾಗ ಒಂದು, ಆನೆ ಬಂದಿದೆಯೆಂದು ಸುದ್ದಿಯಾಗಿ ಕೆಲಸ ನಿಂತ ದಿನ ಲೆಕ್ಕವೇ ಇಲ್ಲ. ಎರಡು ವರ್ಷದ ಹಿಂದೆ ಏರು ಹತ್ತುವಾಗ ಉಸಿರು ಸಾಲದಾಯಿತು. ವೈದ್ಯರು, ಇನ್ನು ಬೀಡಿ ಅಥವಾ ನೀವು, ಎರಡರಲ್ಲಿ ಒಂದೇ ಉಳಿಯುವುದು ಎಂದು ಹೇಳಿ ಕಳಿಸಿದರು.

ದುಬೈಯಲ್ಲಿ ದುಡಿಯುವ ಮಗ ರಜೆಗೆ ಬಂದಾಗ ದಪ್ಪ ಪೆನ್ನಿನಂಥ ಒಂದು ಯಂತ್ರವನ್ನು ತಂದುಕೊಟ್ಟ. ನಾವು ಅವರ ಮನೆಗೆ ಹೋದಾಗ ಅದನ್ನು ಕಿಸೆಯಿಂದ ತೆಗೆದು ತೋರಿಸಿ, 'ಬೀಡಿ ಬಿಟ್ಟೆ' ಎಂದರು. ಒಳಗಿನಿಂದ ಅವರ ಹೆಂಡತಿ, 'ಬಿಟ್ಟಿಲ್ಲ, ಬದಲಾಯಿಸಿದ್ದಾರೆ' ಎಂದರು. ಎಲ್ಲರೂ ನಕ್ಕೆವು. ಆದರೆ ಬಸ್ಸಿನಲ್ಲಿ ಹಿಂತಿರುಗುವಾಗ ಆ ಎರಡು ಮಾತುಗಳ ನಡುವೆ ನಾವು ಸಿಕ್ಕಿಹಾಕಿಕೊಂಡೆವು. ಕೆಟ್ಟದ್ದನ್ನು ಬಿಟ್ಟು ಕಡಿಮೆ ಕೆಟ್ಟದ್ದನ್ನು ಹಿಡಿದವನು ಏನನ್ನಾದರೂ ಬಿಟ್ಟಿದ್ದಾನೆಯೇ?

ಮೊದಲು ಯಂತ್ರದ ವಿಷಯ. ಅದರೊಳಗೆ ಬೆಂಕಿಯಿಲ್ಲ, ಎಲೆಯಿಲ್ಲ. ಬ್ಯಾಟರಿ ಒಂದು ಸಣ್ಣ ತಂತಿಸುರುಳಿಯನ್ನು ಕಾಯಿಸುತ್ತದೆ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕೋಲ್, ಪರಿಮಳ, ನಿಕೋಟಿನ್ ಬೆರೆತ ದ್ರವ ಆವಿಯಾಗುತ್ತದೆ. ಚೀನಾದ ಹೊನ್ ಲಿಕ್ ಎಂಬ ಔಷಧಶಾಸ್ತ್ರಜ್ಞ 2003ರ ಹೊತ್ತಿಗೆ ಇದನ್ನು ರೂಪಿಸಿದ. ಅವನೂ ವಿಪರೀತ ಸೇದುವವನೇ. ಅವನ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡವರು. ನಿಕೋಟಿನ್ ಮನುಷ್ಯನನ್ನು ಕಟ್ಟಿಹಾಕುತ್ತದೆ, ಆದರೆ ಕೊಲ್ಲುವುದು ಮುಖ್ಯವಾಗಿ ಹೊಗೆ: ಉರಿದ ಎಲೆಯ ಟಾರು, ಕಾರ್ಬನ್ ಮಾನಾಕ್ಸೈಡು, ಎಪ್ಪತ್ತರಷ್ಟು ಕ್ಯಾನ್ಸರ್‌ಕಾರಕಗಳು. ಹಗ್ಗವನ್ನು ಇಟ್ಟುಕೊಂಡು ನೇಣನ್ನು ತೆಗೆಯುವುದು ಇದರ ತರ್ಕ.

ಹೊಸಬರಾದ ನಮ್ಮ ಗೆಳೆಯರಿಗೆ ಮೊದಲ ವಾರ ಕೆಮ್ಮು ಜಾಸ್ತಿಯೇ ಆಯಿತು. ಬೀಡಿಯನ್ನು ಎಳೆಯುವ ಹಾಗೆ ಜೋರಾಗಿ ಎಳೆದರೆ ಗಂಟಲು ಹಿಡಿಯುತ್ತಿತ್ತು. ಮೆಲ್ಲಗೆ ಬಾಯಿಗೆ ತುಂಬಿಕೊಂಡು ಆಮೇಲೆ ಒಳಗೆ ಬಿಡಬೇಕೆಂದು ಮಗ ಫೋನಿನಲ್ಲಿ ಪಾಠ ಹೇಳಿದ. ಅರವತ್ತರ ಹತ್ತಿರದ ತಂದೆಗೆ ಮಗ ಸೇದುವುದನ್ನು ಕಲಿಸುವ ಕಾಲ ಬಂತಲ್ಲ ಎಂದು ಅವರೇ ನಾಚಿಕೊಂಡರು.

ಇಂಗ್ಲೆಂಡಿನ ಸರಕಾರಿ ಆರೋಗ್ಯ ಸಂಸ್ಥೆಯೊಂದು 2015ರಲ್ಲಿ, ಈ ಆವಿ ಹೊಗೆಗಿಂತ ಸುಮಾರು 95 ಶೇಕಡ ಕಡಿಮೆ ಹಾನಿಕರ ಎಂದಿತು. ಆ ಅಂಕಿಯ ಬಗ್ಗೆ ತಕರಾರುಗಳಿವೆ; ದಶಕಗಳ ಬಳಿಕದ ಪರಿಣಾಮ ಏನೆಂದು ಹೇಳುವಷ್ಟು ವಯಸ್ಸು ಈ ಯಂತ್ರಕ್ಕೆ ಇನ್ನೂ ಆಗಿಲ್ಲ. ಅಲ್ಲಿನ ಸರಕಾರ 2023ರಲ್ಲಿ ಹತ್ತು ಲಕ್ಷ ಸೇದುವವರಿಗೆ ಇದನ್ನು ಪುಕ್ಕಟೆ ಕೊಡುವ ಯೋಜನೆಯನ್ನೇ ಸಾರಿತು. ಅದೇ ದೇಶ ಮಕ್ಕಳ ಕೈಗೆ ಸಿಗುತ್ತಿದ್ದ, ಒಮ್ಮೆ ಬಳಸಿ ಎಸೆಯುವ ಬಣ್ಣಬಣ್ಣದ ಯಂತ್ರಗಳನ್ನು 2025ರ ಜೂನ್‌ನಲ್ಲಿ ನಿಷೇಧಿಸಿತು. ಮುದುಕನಿಗೆ ಮದ್ದಾದದ್ದು ಮಗುವಿಗೆ ಬಲೆಯಾದದ್ದನ್ನು ಅವರೂ ಕಂಡರು.

ನಮ್ಮಲ್ಲಿ ಕರ್ನಾಟಕ ಸರಕಾರ 2016ರ ಜೂನ್‌ನಲ್ಲೇ ಇ-ಸಿಗರೇಟಿನ ಮಾರಾಟವನ್ನು ತಡೆಯಿತು. ಕೇಂದ್ರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು, ಡಿಸೆಂಬರ್‌ನಲ್ಲಿ ಕಾಯ್ದೆ ಮಾಡಿತು. ತಯಾರಿ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೇದುವುದಕ್ಕೇ ಪ್ರತ್ಯೇಕ ಶಿಕ್ಷೆ ಹೇಳಿಲ್ಲ. ಅಂದರೆ ಕಾಯ್ದೆಯ ಕಣ್ಣಿನಲ್ಲಿ ತಂದೆಗಿಂತ, ಅದನ್ನು ತಂದ ಮಗನೇ ತಪ್ಪಿತಸ್ಥ.

ಬೀಡಿಯೋ, ಗೆಂಡೆಹಳ್ಳಿಯ ಯಾವ ಗೂಡಂಗಡಿಯಲ್ಲೂ ಸಿಗುತ್ತದೆ. ಇದೇ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಯಿದೆ. ಸರಕಾರವೇ ನಿಂತು ಸಿಗರೇಟಿನ ಎಲೆಗೆ ಬೆಲೆ ಕಟ್ಟಿಸುತ್ತದೆ, ಸಿಗರೇಟಿನ ಮೇಲೆ ತೆರಿಗೆ ಎತ್ತುತ್ತದೆ. ಜೀವವಿಮಾ ನಿಗಮ ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯ ದೊಡ್ಡ ಪಾಲುದಾರ. ನಮ್ಮ ಸಾವಿಗೆ ವಿಮೆ ಮಾಡುವವರೂ ಅವರೇ. ಹೆಚ್ಚು ಕೊಲ್ಲುವುದಕ್ಕೆ ಪರವಾನಗಿ, ಕಡಿಮೆ ಕೊಲ್ಲುವುದಕ್ಕೆ ಸೆರೆಮನೆ. ಇದನ್ನು ನ್ಯಾಯವೆನ್ನಲು ನಮ್ಮ ನಾಲಿಗೆ ಹೊರಳುವುದಿಲ್ಲ.

ಆದರೂ ಆತುರಪಡುವಂತಿಲ್ಲ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ 28.6 ಶೇಕಡ ವಯಸ್ಕರು ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುವವರು. ಉಳಿದವರು, ಅವರ ಮಕ್ಕಳು, ಇನ್ನೂ ಆರಂಭಿಸದವರು. ಮಾವಿನ ಪರಿಮಳದ, ವಾಸನೆ ಬಾರದ, ಶಾಲೆಯ ಚೀಲದಲ್ಲಿ ಪೆನ್ನಿನಂತೆ ಅಡಗುವ ವಸ್ತುವಿನಿಂದ ಅವರನ್ನು ಕಾಯಬೇಕೆಂಬ ಆತಂಕ ಸುಳ್ಳಲ್ಲ. ಉರಿಯುತ್ತಿರುವ ಮನೆಯವನಿಗೂ ಇನ್ನೂ ಕಿಡಿ ತಾಗದ ಮನೆಯವನಿಗೂ ಒಂದೇ ಕಾನೂನು ಬರೆಯಬೇಕಾದಾಗ ಯಾರನ್ನೋ ಕೈಬಿಡಬೇಕಾಗುತ್ತದೆ. ಕೈಬಿಡುವುದೇ ಆದರೆ, ಕೈಬಿಟ್ಟೆವು ಎಂಬ ಪ್ರಜ್ಞೆಯಾದರೂ ಬೇಡವೇ? ಆ ಬಾಗಿಲನ್ನು ಮುಚ್ಚಿದ ಸರಕಾರ ಇನ್ನೊಂದನ್ನು ಅಷ್ಟೇ ಅಗಲವಾಗಿ ತೆರೆಯಬೇಕಿತ್ತು. ತಂಬಾಕು ಬಿಡಲು ನೆರವಾಗುವ ಉಚಿತ ದೂರವಾಣಿ, 1800-11-2356, ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೂ ಮಾತನಾಡುತ್ತಾರೆ. ನಮ್ಮ ಗೆಳೆಯರಿಗೆ ಅದು ಗೊತ್ತೇ ಇರಲಿಲ್ಲ. ಬೀಡಿ ಕಟ್ಟಿನ ಮೇಲಿನ ಚಿತ್ರ ನೋಡಿ ಹೆದರುವುದನ್ನು ಮಾತ್ರ ಅವರು ಕಲಿತಿದ್ದರು, ಅದೂ ಎಷ್ಟು ದಿನ?

ಮಾರ್ಚ್ ತಿಂಗಳಲ್ಲಿ ಮತ್ತೆ ಹೋದಾಗ ಅವರು ಇನ್ನೊಂದು ಮಾತು ಹೇಳಿದರು. ಬೀಡಿಗೆ ಒಂದು ಕೊನೆಯಿದೆ. ಬೆರಳು ಸುಡುತ್ತದೆ, ಎಸೆಯುತ್ತೇವೆ, ಅಲ್ಲಿಗೆ ಒಂದು ಲೆಕ್ಕ ಮುಗಿಯುತ್ತದೆ. ಈ ಯಂತ್ರಕ್ಕೆ ಕೊನೆಯಿಲ್ಲ. ಊಟದ ನಡುವೆ, ಹಾಸಿಗೆಯಲ್ಲಿ, ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೂ ಎಳೆಯುತ್ತಿದ್ದರಂತೆ. ಬೀಡಿಯಿದ್ದಾಗ ಮಗುವಿನ ಎದುರು ಎಂದೂ ಸೇದಿದವರಲ್ಲ. ಅಂಗಳಕ್ಕೆ ಎದ್ದುಹೋಗುತ್ತಿದ್ದ ಆ ಸಣ್ಣ ನಾಚಿಕೆ ಹೊಗೆಯ ಜೊತೆಗೇ ಹೋಯಿತು. ಏರು ಹತ್ತುವಾಗ ಉಸಿರು ಮಾತ್ರ ಸ್ವಲ್ಪ ಸಲೀಸಾಗಿದೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಆಗ ನಮಗೆ ಅನಿಸಿದ್ದು, ಅವರ ಹೆಂಡತಿಯ ಮಾತೂ ಪೂರ್ತಿ ಸರಿಯಲ್ಲ. ಅವರು ಸಾವನ್ನು ಒಂದಿಷ್ಟು ದೂರ ತಳ್ಳಿದ್ದರು; ಅದು ಸಣ್ಣದಲ್ಲ, ಅದನ್ನು ಹಂಗಿಸುವ ಹಕ್ಕು ಸೇದದ ನಮಗಿಲ್ಲ. ಬಿಡದೆ ಉಳಿದದ್ದು ಆಳುತನ. ಅರ್ಧ ದಾರಿಯಲ್ಲಿ ನಿಂತವನನ್ನು ಹೊರಟೇ ಇಲ್ಲದವನ ಸಾಲಿಗೆ ಸೇರಿಸುವುದು ಅನ್ಯಾಯ, ಮುಟ್ಟಿದವನ ಸಾಲಿಗೆ ಸೇರಿಸುವುದು ಸುಳ್ಳು.

ಅಷ್ಟರಲ್ಲಿ ದ್ರವ ಮುಗಿಯುತ್ತ ಬಂದಿತ್ತು. ಪೇಟೆಯಲ್ಲಿ ಕದ್ದು ಮಾರುವ ಒಬ್ಬನಿಂದ ತರಿಸಿದ್ದು ಸುಟ್ಟ ರಬ್ಬರಿನ ವಾಸನೆ ಹೊಡೆಯಿತು, ಎಸೆದರು. ಮಗ ಫೋನಿನಲ್ಲಿ, ಮುಂದಿನ ತಿಂಗಳು ಬರುವಾಗ ನಾಲ್ಕು ಬಾಟಲಿ ತರುತ್ತೇನೆ ಎಂದ. ಅವರು ಬೇಡವೆಂದರು. 'ನನ್ನ ಎದೆಗೋಸ್ಕರ ಅವನು ಏರ್‌ಪೋರ್ಟಿನಲ್ಲಿ ಕಳ್ಳನ ಹಾಗೆ ನಿಲ್ಲಬೇಕಾ?' ಎಂದು ನಮ್ಮನ್ನೇ ಕೇಳಿದರು. ನಾವು ಆ ದೂರವಾಣಿಯ ಸಂಖ್ಯೆಯನ್ನು ಬರೆದುಕೊಟ್ಟು ಬಂದೆವು.

ಈಗ ಔಷಧಿ ಅಂಗಡಿಯಲ್ಲಿ ಸಿಗುವ ನಿಕೋಟಿನ್ ಗಮ್ ಅಗಿಯುತ್ತಿದ್ದಾರೆ. ಕಳೆದ ವಾರ ಮಾತನಾಡಿದಾಗ ಹನ್ನೊಂದು ದಿನವಾಗಿತ್ತು. ಬೆಂಕಿಪೊಟ್ಟಣ ಇನ್ನೂ ಕಿಸೆಯಲ್ಲೇ ಇದೆಯಂತೆ. ಕರೆಂಟು ಹೋದರೆ ಬೇಕಾಗುತ್ತದೆ ಎಂದರು.