ಕಾಶಿಯಿಂದ ಹಾರಿ ಬಂದವಳಲ್ಲಿ ಬಿನ್ನಹ

ಅಮ್ಮಾ ಹಾಸನಾಂಬೆ,

ಅಕ್ಕತಂಗಿಯರು ಏಳು ಮಂದಿ ಕಾಶಿಯಿಂದ ವಾಯುವಿಹಾರ ಹೊರಟು ದಕ್ಷಿಣಕ್ಕೆ ಬಂದವರಂತೆ ನೀವು. ಊರು ಹಿಡಿಸಿತು, ಮೂವರು ಹುತ್ತದ ರೂಪದಲ್ಲಿ ಇಲ್ಲೇ ನೆಲೆಸಿದಿರಿ. ಮೂವರು ದೇವಿಗೆರೆಗೆ, ಒಬ್ಬಳು ಕೆಂಚಮ್ಮನ ಹೊಸಕೋಟೆಗೆ. ಕಾಶಿಯಿಂದ ಇಲ್ಲಿಗೆ ಎಷ್ಟು ಹೊತ್ತು ಹಿಡಿಯಿತೆಂದು ಕಥೆ ಹೇಳುವವರು ಯಾರೂ ಹೇಳುವುದಿಲ್ಲ. ಮಕ್ಕಳನ್ನು ಅಮೆರಿಕಕ್ಕೆ ಕಳಿಸಿದ ನಮ್ಮೂರಿನವರಿಗೋ, ಹೊತ್ತಿನದೇ ಚಿಂತೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ನಡುವೆ ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಎಲ್ಲರೂ ಹೆಣ್ಣುಮಕ್ಕಳೇ. ನಿನಗೆ ಖುಷಿಯಾಗಿರಬೇಕು. ಹೆಚ್ಚುಕಡಿಮೆ 14,000 ಕಿ.ಮೀ., 17 ಗಂಟೆಯ ಹಾದಿ. ಗೋಡೆಯ ಭೂಪಟ ನೋಡಿದರೆ ಸಮುದ್ರವನ್ನು ಅಡ್ಡಡ್ಡ ದಾಟಬೇಕು ಅನ್ನಿಸುತ್ತದೆ. ಭೂಮಿ ಗುಂಡಗಿದೆಯಲ್ಲ, ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದ.

ಅಂದಿನಿಂದ ನೆಂಟರಿಷ್ಟರ ಬಾಯಲ್ಲಿ ಒಂದೇ ಮಾತು: "ಹದಿನೇಳು ಗಂಟೆ ತಾನೆ!" ದೇವನಹಳ್ಳಿಯಲ್ಲಿ ಇಳಿದ ಮೇಲಿನ ಕಥೆ ಯಾರಿಗೆ ಬೇಕು? ಇಮಿಗ್ರೇಷನ್ ಸಾಲು, ಬೆಲ್ಟಿನ ಮೇಲೆ ಬಾರದ ಸೂಟ್‌ಕೇಸು, ನೆಲಮಂಗಲದ ಜಾಮು. ಅಲ್ಲಿಂದ ಕುಣಿಗಲ್, ಬೆಳ್ಳೂರು ಕ್ರಾಸ್, ಹಿರೀಸಾವೆ. ಹೊಳೆನರಸೀಪುರದವರು ಚನ್ನರಾಯಪಟ್ಟಣದಲ್ಲಿ ತಿರುಗಬೇಕು, ಅರಕಲಗೂಡಿನವರಿಗೆ ಹಾಸನ ಮುಟ್ಟಿದರೂ ಮುಗಿಯುವುದಿಲ್ಲ. ಹಾಸನದವರೆಗಿನದು ಸುಮಾರು 200 ಕಿ.ಮೀ., ಆಕಾಶದ ದಾರಿಯ ಎಪ್ಪತ್ತರಲ್ಲಿ ಒಂದು ಪಾಲು. ಅದಕ್ಕೇ ನಾಲ್ಕು ಗಂಟೆ ಹೋಗುತ್ತದೆ.

ಮನೆಯಲ್ಲಿ ತಾಯಿ ಮೊಬೈಲಿನಲ್ಲಿ ಪುಟ್ಟ ವಿಮಾನದ ಚಿತ್ರ ಹರಿಯುವುದನ್ನು ರಾತ್ರಿಯೆಲ್ಲ ನೋಡಿರುತ್ತಾಳೆ. ಅದು ಬೆಂಗಳೂರಿನ ಮೇಲೆ ನಿಂತ ಕೂಡಲೇ ಅಕ್ಕಿಹಿಟ್ಟು ಕಲಸಿ, ಕಾವಲಿ ಇಟ್ಟು ಫೋನು ಮಾಡುತ್ತಾಳೆ.

"ಎಲ್ಲಿಗ್ ಬಂದ್ಯಪ್ಪಾ?"

"ಇನ್ನೂ ಲಗೇಜ್ ಬಂದಿಲ್ಲ ಕಣಮ್ಮ."

ಹಿಟ್ಟು ಒಣಗುತ್ತದೆ.

ಹಾಸನಕ್ಕೂ ಆಕಾಶಕ್ಕೂ ನಂಟಿಲ್ಲವೆಂದಲ್ಲ. ಅಮೆರಿಕಕ್ಕೆ ಹೋಗಿ ಬಂದು "ಅಮೇರಿಕಾದಲ್ಲಿ ಗೊರೂರು" ಬರೆದು 1980ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು ಗೊರೂರು ರಾಮಸ್ವಾಮಿ ಅಯ್ಯಂಗಾರ್. ಅದೇ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಭುವನಹಳ್ಳಿಯ ವಿಮಾನ ನಿಲ್ದಾಣಕ್ಕೆ 2007ರಲ್ಲೇ ಅಡಿಗಲ್ಲು ಬಿತ್ತು. ಆದರೆ ಅದನ್ನು ನಿನ್ನಲ್ಲಿ ಬೇಡುವುದಿಲ್ಲ. ಅಮೆರಿಕದ ದೊಡ್ಡ ವಿಮಾನ ಅಲ್ಲಿಗೇನೂ ಬಂದಿಳಿಯದು. ನಿನ್ನ ಗುಡಿಯ ಸೊಸೆಕಲ್ಲು ವರ್ಷಕ್ಕೆ ಅಕ್ಕಿಕಾಳಿನಷ್ಟು ನಿನ್ನತ್ತ ಸರಿಯುತ್ತದೆ ಅನ್ನುತ್ತಾರೆ. ನಮ್ಮ ಯೋಜನೆಗಳೂ ಅದೇ ನಡಿಗೆಯವು.

ನಾನು ಬೇಡುವುದು ಚಿಕ್ಕದು. ದೀಪಾವಳಿಯ ಹೊತ್ತಿಗೆ ನಿನ್ನ ಬಾಗಿಲು ತೆರೆಯುವ ದಿನ ಮೊದಲೇ ಗೊತ್ತಿರುತ್ತದೆ, ಟಿಕೆಟ್ ಮಾಡಿಸಿ ಬರಬಹುದು. ಆದರೆ ಅಪ್ಪನಿಗೆ ಉಸಿರು ಕಟ್ಟಿತೆಂದು ನಡುರಾತ್ರಿ ಫೋನು ಹೋದಾಗ ಹೊರಡುವವರನ್ನು ಬೇಗ ಮುಟ್ಟಿಸು. ದೇವನಹಳ್ಳಿಯ ಮುಂಜಾನೆಯ ಮಂಜು ಅವತ್ತೊಂದು ದಿನ ಸರಿಯಲಿ, ನೆಲಮಂಗಲದಲ್ಲಿ ದಾರಿ ಬಿಡಲಿ. ಮಿಕ್ಕ ದಿನಗಳಲ್ಲಿ, ವಿಮಾನ ಇಳಿಯುವ ಹೊತ್ತನ್ನಲ್ಲ, ಮನೆ ಮುಟ್ಟುವ ಹೊತ್ತನ್ನು ತಾಯಿಗೆ ಹೇಳುವ ಬುದ್ಧಿಯನ್ನು ಆ ಮಕ್ಕಳಿಗೆ ಕೊಡು.

ಇಷ್ಟು ನಡೆಸಿಕೊಡು ತಾಯಿ.