ಮಕ್ಕಳು ನಿಜ ಹೇಳಬಲ್ಲ ಮನೆ



ನಿಮ್ಮ ಹದಿಹರೆಯದ ಮಗ ಒಂದು ಸಂಜೆ ನಿಮ್ಮ ಬಳಿ ಬಂದು, "ಅಪ್ಪಾ, ಗೆಳೆಯರು ಕೊಟ್ಟರು, ಇವತ್ತು ನಾನೂ ಒಂದು ಸಿಗರೇಟು ಸೇದಿದೆ" ಎಂದು ಹೇಳಿದರೆ ನೀವೇನು ಮಾಡುವಿರಿ? ಉತ್ತರಿಸಲು ಅವಸರಪಡಬೇಡಿ. ನಮ್ಮಲ್ಲಿ ಅನೇಕರ ಕೈ ಮಾತಿಗಿಂತ ಮೊದಲೇ ಮೇಲೇಳುತ್ತದೆ. ಆ ಕೋಪದ ಹಿಂದಿರುವುದು ಪ್ರೀತಿ ಮತ್ತು ಭಯ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಹೊಡೆತದಿಂದ ಮಗು ಕಲಿಯುವ ಪಾಠ ಯಾವುದು? ಸಿಗರೇಟು ಕೆಟ್ಟದ್ದೆಂದೇ, ಇಲ್ಲವೇ ಮನೆಯಲ್ಲಿ ನಿಜ ಹೇಳುವುದು ಅಪಾಯವೆಂದೇ?

ಈ ಪ್ರಶ್ನೆಯನ್ನು ಆಲೋಚಿಸುವಾಗ ಡಬ್ಲಿನ್ ನಗರದ ಒಬ್ಬ ಕೂಲಿಕಾರರ ಜೀವನ ನೆನಪಾಗುತ್ತದೆ. ಪೂಜ್ಯ ಮ್ಯಾಟ್ ಟಾಲ್ಬೊಟ್ ಅವರು 1856ರಲ್ಲಿ, ಮಕ್ಕಳು ತುಂಬಿದ್ದ ಬಡ ಕುಟುಂಬವೊಂದರಲ್ಲಿ ಜನಿಸಿದರು. ಹನ್ನೆರಡನೆಯ ವಯಸ್ಸಿಗೆ ಮದ್ಯವನ್ನು ಸೀಸೆಗಳಿಗೆ ತುಂಬಿಸುವ ವ್ಯಾಪಾರಿಯ ಬಳಿ ಕೆಲಸಕ್ಕೆ ಸೇರಿದ ಬಾಲಕನಿಗೆ ಅಲ್ಲಿಯೇ ಕುಡಿತದ ರುಚಿ ಹತ್ತಿತು. ವಿಷಯ ತಿಳಿದ ತಂದೆ ಮಗನನ್ನು ಥಳಿಸಿ, ಆ ಕೆಲಸ ಬಿಡಿಸಿ, ತಾವು ದುಡಿಯುತ್ತಿದ್ದ ಬಂದರಿಗೇ ಸೇರಿಸಿದರು. ಕಣ್ಣೆದುರಿಗಿದ್ದರೆ ಸರಿಹೋಗುವನೆಂದು ಅವರು ಭಾವಿಸಿರಬೇಕು. ಆದರೆ ಅಲ್ಲಿನ ದಾಸ್ತಾನಿನಲ್ಲಿ ವಿಸ್ಕಿಯಿತ್ತು! ತಂದೆಯೂ ಕುಡಿತಕ್ಕೆ ಹೊರತಾಗಿರಲಿಲ್ಲ. ಮುಂದಿನ ಹಲವು ವರ್ಷ ಆ ಯುವಕನ ಕೂಲಿಯೆಲ್ಲ ಮದ್ಯದಂಗಡಿಯ ಪಾಲಾಯಿತು.

1884ರಲ್ಲಿ, 28ರ ಪ್ರಾಯದಲ್ಲಿ, ಕೈಯಲ್ಲಿ ಕಾಸಿಲ್ಲದೆ ಮದ್ಯದಂಗಡಿಯ ಹೊರಗೆ ನಿಂತಿದ್ದ ಅವರನ್ನು ಗೆಳೆಯರಲ್ಲಿ ಒಬ್ಬರೂ ಒಳಕ್ಕೆ ಕರೆಯಲಿಲ್ಲ. ಮನೆಗೆ ಮರಳಿ, ಕುಡಿತ ಬಿಡುವ ಪ್ರತಿಜ್ಞೆ ಮಾಡುವೆನೆಂದು ತಾಯಿಗೆ ತಿಳಿಸಿದರು. ಪಾಲಿಸುವ ಮನಸ್ಸಿದ್ದರೆ ಮಾತ್ರ ಪ್ರತಿಜ್ಞೆ ಮಾಡು ಎಂದು ಎಚ್ಚರಿಸಿ, ದೇವರ ಹೆಸರಿನಲ್ಲಿ ಆ ತಾಯಿ ಮಗನನ್ನು ಕಳುಹಿಸಿಕೊಟ್ಟರು. ಮೂರು ತಿಂಗಳಿಗೆಂದು ಕೈಗೊಂಡ ಆ ಪ್ರತಿಜ್ಞೆಯನ್ನು 1925ರಲ್ಲಿ ಮರಣ ಹೊಂದುವವರೆಗೂ ಅವರು ಪಾಲಿಸಿದರು. 1975ರಲ್ಲಿ ಪೋಪ್ ಆರನೆಯ ಪೌಲರು ಅವರನ್ನು ಪೂಜ್ಯರೆಂದು ಘೋಷಿಸಿದರು.

ಆ ತಂದೆಯನ್ನು ಕೆಟ್ಟವರೆನ್ನಲು ಮನಸ್ಸು ಬಾರದು. ಅವರ ಸ್ಥಾನದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವೇನೋ. ಆದರೂ ಮಗನನ್ನು ದಂಡಿಸಿದ ಅವರು ಮಗನ ಸುತ್ತಲಿನ ಪರಿಸರವನ್ನು ಬದಲಿಸಲಿಲ್ಲ. ತಾಯಿಯಾದರೋ ತಪ್ಪನ್ನು ಹಗುರವಾಗಿ ಕಾಣಲಿಲ್ಲ. ಅದೇ ವೇಳೆ, ಮಗ ಬಂದು ಮನಸ್ಸು ಬಿಚ್ಚಿ ಹೇಳಲು ಮನೆಯಲ್ಲಿ ಒಂದು ಸ್ಥಳವನ್ನು ಉಳಿಸಿಕೊಂಡಿದ್ದರು.

ಈಗ ನಮ್ಮ ಮನೆಗಳತ್ತ ನೋಡೋಣ. ಬೀದಿ ಕೊನೆಯ ಅಂಗಡಿಯಿಂದ ಸಿಗರೇಟು ತರಲು ಮಗುವನ್ನೇ ಕಳುಹಿಸುವವರು ನಮ್ಮಲ್ಲಿಲ್ಲವೇ? ಕ್ರಿಸ್ಮಸ್ ಹಬ್ಬಕ್ಕೆಂದು ಮನೆಯಲ್ಲೇ ಮಾಡಿದ ವೈನನ್ನು "ಒಂದು ಗುಟುಕು ತಾನೇ" ಎಂದು ಮಕ್ಕಳ ಬಾಯಿಗೆ ಹಿಡಿಯುವುದಿಲ್ಲವೇ? ವೈದ್ಯರ ಸಲಹೆಯಿಲ್ಲದೆ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷಗಳವರೆಗಿನ ಸೆರೆವಾಸದ ಶಿಕ್ಷೆಯಿದೆ. 2025ರ ತಿದ್ದುಪಡಿಯ ಬಳಿಕ ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಆದರೆ ಯಾವ ಕಾನೂನೂ ನಮ್ಮ ಊಟದ ಮೇಜಿನ ಬಳಿ ಕುಳಿತು ಮಕ್ಕಳೊಡನೆ ಮಾತನಾಡಲಾರದು.

"ನಾನೇ ಕುಡಿಯುತ್ತೇನೆ, ಯಾವ ಮುಖವಿಟ್ಟುಕೊಂಡು ಮಗನಿಗೆ ಹೇಳಲಿ?" ಎಂದು ಕೇಳುವ ತಂದೆಯರಿದ್ದಾರೆ. ಈ ಸಂಕೋಚ ಪ್ರಾಮಾಣಿಕವಾದುದೇ. ಆದರೆ ಅದರಿಂದ ಹುಟ್ಟುವ ಮೌನ ಮಗುವನ್ನು ಕಾಯುವುದಿಲ್ಲ. "ಈ ಅಭ್ಯಾಸ ನನ್ನಿಂದ ಏನೇನು ಕಸಿದುಕೊಂಡಿದೆ ಎಂಬುದನ್ನು ನಾನು ಬಲ್ಲೆ, ಬಿಡಲು ಹೆಣಗುತ್ತಿದ್ದೇನೆ, ನೀನು ಈ ಹಾದಿ ಹಿಡಿಯಬೇಡ" ಎನ್ನುವ ತಂದೆಯ ಮಾತಿಗೆ ಉಪದೇಶಕ್ಕಿಲ್ಲದ ತೂಕವಿದೆ. ಹಾಗೆ ಹೇಳಿದ ಮೇಲೆ ಹೆಣಗುವುದೂ ನಿಜವಾಗಿರಬೇಕು, ಅಷ್ಟೇ.

ಮಾತನಾಡುವಾಗ ಸತ್ಯವನ್ನಷ್ಟೇ ಹೇಳೋಣ. ಒಂದು ದಮ್ಮು ಎಳೆದರೆ ಸತ್ತೇ ಹೋಗುವೆ ಎಂದು ಹೆದರಿಸಿದರೆ, ಸಿಗರೇಟು ಸೇದಿದ ಗೆಳೆಯ ಮರುದಿನ ನಗುತ್ತಾ ಶಾಲೆಗೆ ಬಂದದ್ದನ್ನು ಕಂಡ ಮಗು ನಮ್ಮ ಉಳಿದ ಮಾತುಗಳನ್ನೂ ನಂಬದು. ನಿಕೋಟಿನ್ ಬೇಗನೆ ಚಟ ಹಿಡಿಸುತ್ತದೆ; ಮಿದುಳಿನ ಬೆಳವಣಿಗೆ ಇಪ್ಪತ್ತರ ಪ್ರಾಯ ದಾಟಿದ ಮೇಲೂ ನಡೆದಿರುವುದರಿಂದ ಎಳೆಯ ವಯಸ್ಸಿನಲ್ಲಿ ಹಿಡಿದ ಚಟವನ್ನು ಬಿಡುವುದು ಹೆಚ್ಚು ಕಷ್ಟ. ಇಷ್ಟು ಹೇಳಿದರೆ ಸಾಕು. ಹೆತ್ತವರಿಗೆ ತಿಳಿಯದ ಅಪಾಯಗಳೂ ಇವೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವೈಟ್ನರ್, ಅಂಟಿನಂತಹ ವಸ್ತುಗಳನ್ನು ಮೂಸುವ ಅಭ್ಯಾಸ ವಯಸ್ಕರಲ್ಲಿ ಶೇಕಡ 0.58 ಇದ್ದರೆ, 10ರಿಂದ 17 ವರ್ಷದವರಲ್ಲಿ ಶೇಕಡ 1.17ರಷ್ಟಿತ್ತು. ಇವು ಮೊದಲ ಸಲವೇ ಹೃದಯವನ್ನು ನಿಲ್ಲಿಸಬಲ್ಲವು ಎಂಬುದು ಬರಿಯ ಬೆದರಿಕೆಯಲ್ಲ, ವೈದ್ಯಕೀಯ ಸತ್ಯ.

ಇದರ ಜೊತೆಗೆ ಮಕ್ಕಳಿಗೆ ಒಂದು ವಚನ ಕೊಡೋಣ: "ಎಲ್ಲಿದ್ದರೂ, ಎಷ್ಟು ಹೊತ್ತಾದರೂ ಫೋನ್ ಮಾಡು. ಕುಡಿದವರ ಬೈಕ್ ಹತ್ತಬೇಡ. ನಾನೇ ಬಂದು ಕರೆದುಕೊಂಡು ಬರುತ್ತೇನೆ. ಆ ರಾತ್ರಿ ಬೈಯುವುದಿಲ್ಲ. ಮರುದಿನ ಕುಳಿತು ಮಾತನಾಡೋಣ." ಗೆಳೆಯರ ಮುಂದೆ ಬೇಡವೆನ್ನಲು ನಾಚಿಕೆಯಾದರೆ "ನಮ್ಮಪ್ಪ ತುಂಬಾ ಕಟ್ಟುನಿಟ್ಟು" ಎಂದು ನಮ್ಮ ಹೆಸರನ್ನೇ ಬಳಸಿಕೊಳ್ಳಲಿ.

ಇದು ತಪ್ಪಿಗೆ ಅನುಮತಿ ಕೊಟ್ಟಂತೆ ಆಗುವುದಿಲ್ಲವೇ? ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಮರುದಿನದ ಮಾತು ನಡೆಯದಿದ್ದರೆ ಖಂಡಿತ ಅನುಮತಿಯೇ ಆಗುತ್ತದೆ. ಆದರೆ ತಿದ್ದಬೇಕಾದ ಮಗು ಮೊದಲು ಜೀವಂತವಾಗಿ ಮನೆಗೆ ಬರಬೇಕು. ದುಂದುಗಾರ ಮಗನ ಸಾಮತಿಯಲ್ಲಿ ಮಗನಿನ್ನೂ ದೂರದಲ್ಲಿರುವಾಗಲೇ ತಂದೆ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಆ ಅಪ್ಪುಗೆಯಿಂದ ಮಗನ ತಪ್ಪು ಸರಿಯೆನಿಸಿಕೊಳ್ಳಲಿಲ್ಲ. ತಪ್ಪೊಪ್ಪಿಕೊಳ್ಳಲು ಅವನಿಗೊಂದು ಮನೆ ಸಿಕ್ಕಿತು.

ಚಟ ಆಗಲೇ ಬೇರೂರಿದ್ದರೆ ಅದನ್ನು ಕುಟುಂಬದ ಮಾನದ ಪ್ರಶ್ನೆಯಾಗಿಸಿ ಮುಚ್ಚಿಡಬೇಡಿ. ಅದು ಚಿಕಿತ್ಸೆಯಿರುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಟೆಲಿ ಮಾನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098 ಉಚಿತವಾಗಿ ದೊರೆಯುತ್ತವೆ.

ಓದುಗ ಬಂಧುಗಳೇ, ಇಂದು ರಾತ್ರಿ ಮನೆಯ ಪ್ರಾರ್ಥನೆ ಮುಗಿದ ಮೇಲೆ ಟಿವಿ ಹಾಕುವ ಮೊದಲು ಹತ್ತು ನಿಮಿಷ ಮಕ್ಕಳ ಬಳಿ ಕುಳಿತುಕೊಳ್ಳಿ. ಅವರ ಶಾಲೆಯಲ್ಲಿ, ಗೆಳೆಯರ ನಡುವೆ ಏನು ನಡೆಯುತ್ತಿದೆಯೆಂದು ಕೇಳಿ. ಅವರು ಹೇಳುವುದು ನಿಮಗೆ ಹಿಡಿಸದಿದ್ದರೂ ಮಾತು ಮುಗಿಯುವವರೆಗೆ ಸುಮ್ಮನಿರಿ. ನಾಳೆ ಅವರು ಇನ್ನೂ ಕಷ್ಟದ ಸತ್ಯವೊಂದನ್ನು ಹೊತ್ತು ಬಂದರೆ, ಅದನ್ನು ಮೊದಲು ನಿಮ್ಮಲ್ಲಿ ಹೇಳುವ ಧೈರ್ಯ ಅವರಿಗೆ ಇರಲಿ.