ನೆನಪಿಟ್ಟುಕೊಳ್ಳುವ ಟೀವಿ

ಹೋದ ಮಳೆಗಾಲದಲ್ಲಿ ಸಾಗರದಲ್ಲಿರುವ ನಮ್ಮತ್ತೆಯ ಟೀವಿ ಮುನಿಸಿಕೊಂಡಿತು. ಅದರ ಹಿಂದೆ ನಮ್ಮವರು ಸಿಕ್ಕಿಸಿಕೊಟ್ಟಿದ್ದ ಬೆರಳುದ್ದದ ಸ್ಟಿಕ್ಕು ಸಿನಿಮಾ ತೋರಿಸುವ ಬದಲು ಸುತ್ತುವ ಚಕ್ರವನ್ನೇ ತೋರಿಸುತ್ತಿತ್ತಂತೆ. "ಅವನಿಗೆ ಹೇಳಬೇಡ ಕಣೇ, ಕೆಲಸ ಬಿಟ್ಟು ಓಡಿ ಬರ್ತಾನೆ. ನೀನೇ ಒಂದ್ಸಲ ಬಂದು ನೋಡು" ಎಂದರು.

ನಾನೇನು ಇಂಜಿನಿಯರಲ್ಲ. ಆದರೆ ಮಿಕ್ಸಿ, ಗ್ಯಾಸಿನ ಒಲೆಗಳ ಜೊತೆ ಏಗಿದವಳಿಗೆ ಬುಡದಿಂದ ಹುಡುಕಬೇಕೆಂಬುದು ಗೊತ್ತಿರುತ್ತದೆ. ಸ್ಟಿಕ್ಕಿಗೆ ಕರೆಂಟು ಟೀವಿಯ ಯುಎಸ್‌ಬಿ ಕಿಂಡಿಯಿಂದ ಹೋಗುತ್ತಿತ್ತು. ಎಷ್ಟೋ ಟೀವಿಗಳಲ್ಲಿ ಅದು ಸಾಲುವುದಿಲ್ಲ. ಜೊತೆಗೆ ಬಂದಿದ್ದ ಅಡಾಪ್ಟರು ಡಬ್ಬಿಯಲ್ಲೇ ಮಲಗಿತ್ತು. ತೆಗೆದು ಗೋಡೆಯ ಪ್ಲಗ್ಗಿಗೆ ಹಾಕಿದೆ. ಅರ್ಧ ವಾಸಿಯಾಯಿತು. ಉಳಿದರ್ಧ ತಪ್ಪು ಗೋಡೆಯದು. ವೈಫೈಯ 5 ಗಿಗಾಹರ್ಟ್ಸ್ ಅಲೆ ಚುರುಕಿನದು, ಆದರೆ ದಪ್ಪ ಮಣ್ಣಿನ ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. 2.4ರದು ನಿಧಾನವಾದರೂ ಗೋಡೆ ದಾಟುವುದರಲ್ಲಿ ಮೇಲು. ಅದಕ್ಕೆ ಬದಲಿಸಿದೆ. ಚಕ್ರ ನಿಂತಿತು.

ಆಗ ಪರದೆಯ ಮೇಲೆ ಅತ್ತೆ ನೋಡಿದ್ದೆಲ್ಲ ಸಾಲಾಗಿ ಬಂದು ನಿಂತಿತು. 1967ರ 'ಬೆಳ್ಳಿಮೋಡ' ಅರ್ಧಕ್ಕೆ ನಿಂತಿದೆ. ಅದರ ಪಕ್ಕದಲ್ಲಿ ನಿದ್ದೆ ಬರಿಸುವ ಕೊಳಲು, ನಿದ್ದೆ ಬರಿಸುವ ವೀಣೆ, ರಾತ್ರಿಯಿಡೀ ಸುರಿಯುವ ಮಳೆಯ ಸದ್ದು. ಹೊರಗೆ ನಿಜವಾದ ಮಳೆಯೇ ಸುರಿಯುತ್ತಿತ್ತು! ದಿನಾ ಬೆಳಿಗ್ಗೆ ಫೋನಿನಲ್ಲಿ "ಸೊಗಸಾಗಿ ನಿದ್ದೆ ಬಂತಮ್ಮ" ಎನ್ನುತ್ತಿದ್ದವರು ಇವರೇ.

ಅತ್ತೆ ಒಳಗೆ ಕಾಫಿ ಬೆರೆಸುತ್ತಿದ್ದರು. ನಾನು ರಿಮೋಟು ಹಿಡಿದು ಕಳ್ಳಿಯಂತೆ ನಿಂತಿದ್ದೆ.

'ರಾಮಾಯಣ' ಧಾರಾವಾಹಿ 1987ರಲ್ಲಿ ಶುರುವಾದಾಗ ಟೀವಿ ಇದ್ದ ಮನೆಯ ಪಡಸಾಲೆ ಬೀದಿಯವರೆಲ್ಲರದು. ಯಾರು ಏನು ನೋಡಿದರು, ಯಾವಾಗ ಕಣ್ಣೊರೆಸಿಕೊಂಡರು ಎಂಬುದು ಎಲ್ಲರಿಗೂ ಗೊತ್ತು. ನೋಡಿಸಿಕೊಳ್ಳುತ್ತಿದ್ದೇವೆ ಎಂಬುದೂ ಗೊತ್ತು. ಈಗ ಒಬ್ಬರೇ ಕೂತು ನೋಡುತ್ತೇವೆ, ಲೆಕ್ಕ ಮಾತ್ರ ಇನ್ನೊಬ್ಬರ ಕೈಗೆ ಸಿಗುತ್ತದೆ. ಅತ್ತೆಯ ಟ್ರಂಕಿನ ಬೀಗ ತೆಗೆಯುವ ಧೈರ್ಯ ನನಗೆ ಎಂದೂ ಬಂದಿಲ್ಲ. ಅವರ ನಿದ್ದೆಗೆಟ್ಟ ರಾತ್ರಿಗಳನ್ನು ಮಾತ್ರ ಕೇಳದೆಯೇ ತೆರೆದು ನೋಡಿದ್ದೆ.

ಗಂಡನಿಗೆ ಹೇಳುವುದೇ? ಅದು ಕಾಳಜಿ ಎನ್ನಬಹುದು. ಆದರೆ ಹಿರಿಯರ ಬೆನ್ನ ಹಿಂದೆ ಅವರ ವಿಷಯ ಮಾತಾಡಿಕೊಂಡು ತೀರ್ಮಾನಿಸಿದರೆ ಅವರನ್ನು ಮಗುವಾಗಿಸಿದಂತಲ್ಲವೇ? ನೋಡಿಲ್ಲವೆಂದು ಸುಮ್ಮನಿರುವುದೇ? ಅದು ಮರ್ಯಾದೆಯಂತೆ ಕಂಡರೂ ಜಾರಿಕೊಳ್ಳುವ ಉಪಾಯವೂ ಹೌದು. ಕಣ್ಣಿಗೆ ಬಿದ್ದದ್ದು ನನ್ನ ತಪ್ಪಲ್ಲ. ಬಿದ್ದದ್ದನ್ನು ಅವರಿಗೆ ತಿಳಿಸದೆ ಇಟ್ಟುಕೊಂಡರೆ ಅದು ತಪ್ಪು ಎನಿಸಿತು.

ಕಾಫಿ ತಂದಾಗ ಹೇಳಿಬಿಟ್ಟೆ. "ಅಮ್ಮ, ನೀವು ನೋಡಿದ್ದನ್ನೆಲ್ಲ ಇದು ನೆನಪಿಟ್ಟುಕೊಳ್ಳುತ್ತೆ. ನಿಮ್ಮ ಮಗನ ಖಾತೆಯಾದ್ದರಿಂದ ಅವರೂ ನೋಡಬಹುದು. ನಾನಂತೂ ನೋಡಿಬಿಟ್ಟೆ. ಬೇಕಾದರೆ ಅಳಿಸೋದು ಹೇಳಿಕೊಡ್ತೀನಿ, ನಿಮ್ಮದೇ ಬೇರೆ ಖಾತೆ ಮಾಡಿಕೊಡ್ತೀನಿ."

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಾವ ಹೋದಮೇಲೆ ಮನೆ ತುಂಬಾ ಸದ್ದಿಲ್ಲ ಕಣೇ" ಎಂದರು. ಮತ್ತೆ, "ಬೇರೆ ಖಾತೆ ಮಾಡಿಕೊಡು. ಅಳಿಸೋದನ್ನೂ ಹೇಳಿಕೊಡು. ಅವನಿಗೆ ನಾನೇ ಹೇಳ್ತೀನಿ."

ಖಾತೆ ಮಾಡಿಕೊಟ್ಟೆ. ಗುಪ್ತ ಸಂಖ್ಯೆ ಒತ್ತುವಾಗ ಮುಖ ಆಚೆ ತಿರುಗಿಸಿದೆ. ಆ ರಾತ್ರಿ ಶಿವಮೊಗ್ಗಕ್ಕೆ ಹಿಂದಿರುಗಲಿಲ್ಲ. ಇಬ್ಬರೂ ಕೂತು 'ಬೆಳ್ಳಿಮೋಡ'ವನ್ನು ನಿಂತಲ್ಲಿಂದ ಮುಂದೆ ನೋಡಿದೆವು. ಮುಗಿಯುವ ಮೊದಲೇ ಅತ್ತೆಗೆ ನಿದ್ದೆ ಬಂದಿತ್ತು.